ಐತಪ್ಪನ ಬಾಯಿ, ನಿನ್ನೆಯ ಅಂಜಲ್

ಗಲ್ಫಿನ ಗುದೈಬಿಯಾದಲ್ಲಿರುವ ಪ್ರಫುಲ್ಲಕ್ಕನ ಮೀನೂಟದ ಹೋಟೆಲಿನಲ್ಲಿ ಬಡಿಸುವ ಐತಪ್ಪನಿಗೆ ಕೈ ಚುರುಕು, ಬಾಯಿ ಮಾತ್ರ ಶತ್ರು. ಗಿರಾಕಿ "ಅಂಜಲ್ ಫ್ರೆಶ್ ಉಂಟಾ?" ಎಂದು ಕೇಳಿದರೆ ಸಾಕು, "ಮೀನು ನಿನ್ನೆಯದು ಮಾರಾಯ್ರೇ, ಸಾರು ಇವತ್ತಿನದು" ಎನ್ನುತ್ತಾನೆ. ಚಾ ಕೇಳಿದವರಿಗೆ ಹಾಲು ಡಬ್ಬದ್ದು ಎಂದು ತಾನಾಗಿಯೇ ಹೇಳುತ್ತಾನೆ. ಅನ್ನ ಬಡಿಸುವ ಕೈ ಸುಳ್ಳು ಬಡಿಸಿದರೆ ಊರಿನ ಪಂಜುರ್ಲಿ ದೈವ ಸುಮ್ಮನೆ ಬಿಡುವುದಿಲ್ಲ ಎಂಬುದು ಅವನ ನಂಬಿಕೆ. "ನಿನ್ನ ದೈವಕ್ಕೆ ಇಲ್ಲಿಗೆ ಬರ್ಲಿಕ್ಕೆ ವೀಸಾ ಕೊಟ್ಟದ್ದು ಯಾರು?" ಎಂದು ಅಡುಗೆಯ ಸುಧೀರ್ ಕೆಣಕುತ್ತಾನೆ. "ಅದು ನನ್ನೊಟ್ಟಿಗೇ ಬಂದದ್ದು, ಲಗೇಜಲ್ಲಿ ತೂಕ ಬರ್ಲಿಲ್ಲ" ಎಂದು ಐತಪ್ಪ ನಗದೆ ಉತ್ತರ ಕೊಡುತ್ತಾನೆ. ಎದ್ದು ಹೋದ ಗಿರಾಕಿಗಳ ಬೆನ್ನು ನೋಡಿ ಪ್ರಫುಲ್ಲಕ್ಕನ ಹೊಟ್ಟೆ ಉರಿಯುತ್ತದೆ. ಗಂಡ ಹೋದ ಮೇಲೆ ಅವಳಿಗಿರುವುದು ಈ ಹೋಟೆಲ್ ಒಂದೇ. "ನಿನ್ನ ಸತ್ಯದಿಂದ ನನ್ನ ಒಲೆ ಆರ್ತದೆ. ಮುಂದಿನ ತಿಂಗಳು ನಿನ್ನನ್ನು ಊರಿಗೆ ಕಳಿಸ್ತೇನೆ ನೋಡು" ಎಂದು ಬೈಯುತ್ತಲೇ ಇರುತ್ತಾಳೆ. ಅವನು "ಆಯ್ತಕ್ಕ" ಎಂದು ಮೇಜು ಒರೆಸುತ್ತಾನೆ. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ. ಗಂಡ ತೀರಿಹೋದ ದಿನ, ವರ್ಷಕ್ಕೊಮ್ಮೆ, ಅವಳು ಮೂಲೆಯ ಮೇಜಿನಲ್ಲಿ ಅವರ ಹೆಸರಿನಲ್ಲಿ ಎಲೆ ಹಾಕುತ್ತಾಳೆ. ಹಳೆಯ ಮೀನು ಅವರಿಗೆ ಕಂಡರಾಗುತ್ತಿರಲಿಲ್ಲ. ಸುಧೀರ್ "ಈಗಷ್ಟೇ ಮಾರ್ಕೆಟಿಂದ ತಂದದ್ದಕ್ಕ, ದೇವರಾಣೆ" ಎಂದರೂ ಅವಳ ಕೈ ಮುಂದೆ ಹೋಗುವುದಿಲ್ಲ. ಐತಪ್ಪನನ್ನು ಹತ್ತಿರ ಕರೆದು, ಬೇರೆ ಯಾರಿಗೂ ಕೇಳದ ಹಾಗೆ, "ಇವತ್ತಿನದೇ ಹೌದಾ?" ಎಂದು ಕೇಳುತ್ತಾಳೆ. ಅವನು ಹೌದೆಂದು ತಲೆ ಆಡಿಸಿದ ಮೇಲೆಯೇ ಎಲೆಗೆ ಮೀನು ಬೀಳುತ್ತದೆ.