ಎರಡು ಲೋಕಲ್‌ಗಳ ನಡುವೆ ಒಂದೆಳೆ ಲಿವರ್

ಕೋಪರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೈಲು ಹಳಿಗೆ ಅಂಟಿಕೊಂಡಂತಿರುವ ಹಳೆಯ ಕಟ್ಟಡದ ಲ್ಯಾಬಿನಲ್ಲಿ ದಮಯಂತಿ ಸಾಲ್ಯಾನ್ ಫ್ಯಾನ್ ಆರಿಸಿ, ಕತ್ತರಿಸುವ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕಾಯುತ್ತಿದ್ದಾರೆ. ಫಾಸ್ಟ್ ಲೋಕಲ್ ರೈಲು ಹಾದುಹೋಗುತ್ತಿದೆ, ಮೇಜು ಸಣ್ಣಗೆ ನಡುಗುತ್ತಿದೆ. ಆ ನಡುಕ ನಿಂತ ಮೇಲೆಯೇ ಚಕ್ರ ತಿರುಗಬೇಕು.

ಚಾಕುವಿನೆದುರು ಮೇಣದಲ್ಲಿ ಹುದುಗಿರುವುದು ಶ್ಯಾವಿಗೆ ಎಳೆಯಷ್ಟು ಲಿವರ್. ತಮ್ಮನಿಗೆ ತನ್ನ ಲಿವರಿನ ಪಾಲು ಕೊಡಲು ಮುಂದೆ ಬಂದಿರುವ ಪ್ರಣೀತಾ ಎಂಬ ಯುವತಿಯಿಂದ, ಕೊಡಬಹುದೇ ಎಂದು ಪರೀಕ್ಷಿಸಲು ಸೂಜಿ ಚುಚ್ಚಿ ತೆಗೆದದ್ದು. ಅದನ್ನು ಕೂದಲಿಗಿಂತ ತೆಳ್ಳಗೆ ಹೆಚ್ಚಿ, ಬೆಚ್ಚಗಿನ ನೀರಿನಲ್ಲಿ ತೇಲಿಸಿ, ಗಾಜಿನ ಮೇಲೆ ಎತ್ತಿಕೊಡುವುದು ದಮಯಂತಿಯ ಕೆಲಸ. ಹಾಳಾದರೆ ಪ್ರಣೀತಾ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು. ತಮ್ಮನಿಗೋ, ಕಾಯುವಷ್ಟು ದಿನಗಳಿಲ್ಲ.

"ನಾನು ಹರಿದು ಕೊಟ್ರೆ ಡಾಕ್ಟ್ರು ಎಂತ ನೋಡುದು?" ಎನ್ನುತ್ತಾರೆ ದಮಯಂತಿ.

ಕಾಪು ಕಡೆಯವರು. ಟಿಟ್ವಾಳಾದಲ್ಲಿ ಮನೆ, ಗಂಡ ದೇಜಪ್ಪ ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಇದೇ ಲ್ಯಾಬಿನಲ್ಲಿ ಗಾಜು ತೊಳೆಯಲು ಸೇರಿದ ದಮಯಂತಿ ನೋಡಿ ನೋಡಿಯೇ ಈ ಕೆಲಸ ಕಲಿತರು. ಈಗ ದಿನಕ್ಕೆ ನೂರರ ಹತ್ತಿರ ಸ್ಲೈಡ್ ಇವರ ಕೈ ದಾಟುತ್ತವೆ. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕಿನ ಭಾನುವಾರ ಊರೆಲ್ಲ ರೈಲ್ವೆಗೆ ಶಾಪ ಹಾಕಿದರೆ, ಮೇಜು ನಡುಗದ ಆ ದಿನವೇ ಇವರಿಗೆ ಹಬ್ಬ. ಲ್ಯಾಬಿಗೆ ಬಂದು ಮುಟ್ಟುವುದಕ್ಕೆ ಮಾತ್ರ ಪಡಬಾರದ ಪಾಡು.

ಲೋಕಲ್ ದೂರವಾಯಿತೆಂದು ಚಕ್ರ ತಿರುಗಿಸುತ್ತಾರೆ. ಅಷ್ಟರಲ್ಲಿ ಹೇಳದೆ ಕೇಳದೆ ಗೂಡ್ಸ್ ಗಾಡಿಯೊಂದು ಬಂದುಬಿಡುತ್ತದೆ. ಮೊದಲ ಪದರ ಚಿಂದಿಯಾಗುತ್ತದೆ. ಮೇಣದಲ್ಲಿ ಉಳಿದಿರುವುದು ಕಣ್ಣಿಗೆ ಕಂಡೂ ಕಾಣದಷ್ಟು. ಮೇಣ ಗಟ್ಟಿಯಾಗಲೆಂದು ದಮಯಂತಿ ಅದರ ಮೇಲೆ ಐಸ್ ಇಟ್ಟು, ಗೂಡ್ಸಿನ ಕೊನೆಯ ಡಬ್ಬಿಯ ಸದ್ದು ಅಡಗುವವರೆಗೂ ಕಣ್ಣು ಮುಚ್ಚಿ ಕೂರುತ್ತಾರೆ. ಆಮೇಲೆ ಉಸಿರು ಬಿಗಿಹಿಡಿದು ಚಕ್ರ ತಿರುಗಿಸುತ್ತಾರೆ. ಈ ಸಲ ಪದರ ಹರಿಯದೆ ಬರುತ್ತದೆ.

ಮಧ್ಯಾಹ್ನ ಲ್ಯಾಬಿನ ಡಾ. ಶ್ರೀವಾಣಿ ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆರು ಮೂಲೆಯ ಪುಟ್ಟ ಕೋಣೆಗಳು. ನಡುವೆ ಒಂದೊಂದು ರಕ್ತನಾಳ. ಅದರ ಸುತ್ತ ಸಾಲು ಹಿಡಿದ ಗುಲಾಬಿ ಕೋಶಗಳು. ಕೊಬ್ಬಿದ್ದರೆ ಬಿಳಿ ತೂತುಗಳು ಕಾಣಬೇಕು. ತೂತು ಹೆಚ್ಚಿದ್ದರೆ ಲಿವರ್ ಕೊಡುವಂತಿಲ್ಲ.

"ಚೆನ್ನಾಗಿದೆ ದಮಯಂತಿ, ಕೊಡಬಹುದು," ಎನ್ನುತ್ತಾರೆ ಡಾಕ್ಟರ್.

ದಮಯಂತಿ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಮುಖದಲ್ಲಿ ನಗುವಿಲ್ಲ.

"ಚೆನ್ನಾಗುಂಟು ಅಂದ್ರೆ ಇನ್ನು ಆ ಹುಡುಗಿಯ ಹೊಟ್ಟೆ ಕೊಯ್ತಾರಲ್ಲ. ನಂಗೆ ಈಗ ಹೆದರಿಕೆ ಜಾಸ್ತಿ ಆಯ್ತು," ಎನ್ನುತ್ತಾರೆ. "ಆದ್ರೆ ಇನ್ನೊಂದು ಸೂಜಿ ನನ್ನಿಂದಾಗಿ ಬೀಳ್ಲಿಲ್ಲ ಅವಳಿಗೆ. ನನ್ನ ಕೈಯಲ್ಲಿ ಇದ್ದದ್ದು ಅಷ್ಟೇ."