ಆಡು ಬಂದ ವಿಡಿಯೋ

ನಮ್ಮ ಅಂಗನವಾಡಿಯ ಕಪಾಟಿನಲ್ಲಿ ಬಣ್ಣದ ಕಟ್ಟಿಗೆ ತುಂಡುಗಳ ಪೆಟ್ಟಿಗೆಯೊಂದಿದೆ. ಅದು ಹೊರಗೆ ಬರುವುದು ವಿಡಿಯೋಕ್ಕೆ ಮಾತ್ರ. ಮಕ್ಕಳು ಜೋಡಿಸುವುದನ್ನು ಮೊಬೈಲಿನಲ್ಲಿ ಹಿಡಿದು, ಆ್ಯಪಿಗೆ ಏರಿಸಿ, ಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿ, ತುಂಡುಗಳನ್ನು ಮತ್ತೆ ಒಳಗಿಟ್ಟು ಬೀಗ ಜಡಿಯಬೇಕು. ಒಂದು ಕಳೆದರೂ ಟೀಚರಾದ ನನ್ನ ತಲೆಗೇ ಬರುತ್ತದೆ. ಮೇಲಿನವರು ಇದನ್ನು ಮಗುವಿನ ಕಲಿಕೆಯ ದಾಖಲೆ ಎನ್ನುತ್ತಾರೆ. ಶಹಾಪುರದ ಮೀಟಿಂಗಿನಲ್ಲಿ ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮಲ್ಲಿ ಒಬ್ಬ ಹುಡುಗಿ ಇದ್ದಳು. ನಾಲ್ಕು ತುಂಬಿದರೂ ತುಟಿ ಬಿಚ್ಚಿರಲಿಲ್ಲ. ಕರೆದರೆ ತಿರುಗುವಳು, ಹೇಳಿದ್ದು ಮಾಡುವಳು, ಮಾತು ಮಾತ್ರ ಇಲ್ಲ. ಅವಳ ತಾಯಿ ಹೊತ್ತು ಮೂಡುವ ಮೊದಲೇ ಟಂಟಂ ಗಾಡಿ ಏರಿ ಶಿರವಾಳದ ಕಡೆ ಹತ್ತಿ ಬಿಡಿಸಲು ಹೋಗಿಬಿಡುತ್ತಿದ್ದಳು. ಹುಡುಗಿಯನ್ನು ಕರೆತರುವವಳು ಅಜ್ಜಿ, ತಂದೆಯ ತಾಯಿ.

"ಈ ಮೂಕಿಗಿ ಸಾಲಿ ಯಾಕ್ರಿ ಟೀಚರ? ದೀಪಾವಳಿ ಆದ ಮ್ಯಾಲ ಬಿಡಸ್ತೀನಿ. ಮನ್ಯಾಗ ಬಿದ್ದಿರ್ಲಿ" ಎನ್ನುತ್ತಿದ್ದಳು, ಮಗುವಿನ ಎದುರಿಗೇ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಆ ಮನೆಯಲ್ಲಿ ನಾನಿದ್ದರೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ.

ಗುಂಪಿನಲ್ಲಿ ಆ ಹುಡುಗಿಯ ಪಾಲಕನೆಂದು ಇದ್ದದ್ದು ಅವಳ ಚಿಕ್ಕಪ್ಪ. ಒಂದು ಮಗುವಿಗೆ ಒಂದೇ ನಂಬರು ಎಂದು ಆ್ಯಪಿನ ಕಟ್ಟಳೆ, ಮನೆಯಲ್ಲಿ ದೊಡ್ಡ ಫೋನು ಇದ್ದದ್ದು ಅವನೊಬ್ಬನ ಬಳಿ. ಅದು ಅವನ ಆಟೋದ ಜೊತೆ ಯಾದಗಿರಿ ರಸ್ತೆಯಲ್ಲಿ ತಿರುಗುತ್ತಿತ್ತು. ನಾನು ಏನು ಹಾಕಿದರೂ ಅವನಿಂದ ಒಂದು ಹೆಬ್ಬೆಟ್ಟಿನ ಚಿತ್ರ ಬರುತ್ತಿತ್ತು. ಮೀಟಿಂಗಿನಲ್ಲಿ ಅದಕ್ಕೆ 'ಕುಟುಂಬದ ಸಹಭಾಗಿತ್ವ' ಎಂದು ಚಪ್ಪಾಳೆ. ಹಿಂದೆ ಓದಲು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಈಗ ನೋಡಲು ಪುರುಸೊತ್ತಿಲ್ಲದವರು ಒತ್ತುತ್ತಾರೆ. ದಿನವಿಡೀ ಹತ್ತಿ ಹೊಲದಲ್ಲಿ ಬಗ್ಗಿರುವ ತಾಯಿ ಯಾವ ಲೆಕ್ಕಕ್ಕೂ ಇಲ್ಲ.

ಒಂದು ದಿನ ಎಂದಿನಂತೆ ತುಂಡು ಜೋಡಿಸುವ ವಿಡಿಯೋ ಹಿಡಿಯುತ್ತಿದ್ದೆ. ಪಕ್ಕದ ಮನೆಯ ಆಡು ಒಳಗೆ ನುಗ್ಗಿ ಆ ಹುಡುಗಿ ಪಕ್ಕಕ್ಕಿಟ್ಟಿದ್ದ ತಾಟಿನ ಉಪ್ಪಿಟ್ಟಿಗೆ ಬಾಯಿ ಹಾಕಿತು. ಅವಳು ಧಡಕ್ಕನೆ ಎದ್ದು ನಿಂತಳು.

"ಏ ಆಡ! ಅದು ನಂದು! ಟೀಚರ, ಹೊಡೀರಿ ಅದಕ್ಕ!"

ಕೋಲು ಹಿಡಿದು ಬಂದ ಆಯಾ ಆಡನ್ನು ಮರೆತು ನಿಂತುಬಿಟ್ಟಳು. ನನಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು. ವಿಡಿಯೋವನ್ನು ಹಾಗೇ ಗುಂಪಿಗೆ ಹಾಕಿದೆ. ಚಿಕ್ಕಪ್ಪನಿಂದ ಹೆಬ್ಬೆಟ್ಟು ಬಂತು. ಅದರ ಹಿಂದೆಯೇ, ಗುಂಪಿನಲ್ಲೇ ಇರುವ ಸೂಪರ್‌ವೈಸರ್ ಮೇಡಂ ಫೋನು.

"ಅಂಗನವಾಡ್ಯಾಗ ಆಡು ಯಾಕ ಬಂತ್ರಿ? ಮ್ಯಾಲಿನವ್ರು ನೋಡಿದ್ರ ಏನಂದಾರು? ಮದ್ಲ ಅಳಸ್ರಿ ಅದನ್ನ."

"ಮೇಡಂ, ಹುಡುಗಿ ಮಾತಾಡ್ಯಾಳ್ರಿ. ಹುಟ್ಟಿದಾಗಿಂದ ಇದೇ ಮದ್ಲು."

"ಅದಕ್ಕ ಆ್ಯಪಿನ್ಯಾಗ ಕಾಲಂ ಇಲ್ರಿ. ತುಂಡು ಜೋಡ್ಸೋ ವಿಡಿಯೋ ಬ್ಯಾರೆ ತಗದು ಕಳಸ್ರಿ."

ಕಾಲಂ ಇಲ್ಲವಂತೆ! ಮದುವೆ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ, ಹಾಗಾಯಿತು. ಹೊಟ್ಟೆಯೊಳಗೇ ಬೈದುಕೊಳ್ಳುತ್ತ ಗುಂಪಿನಿಂದ ಅಳಿಸಿದೆ. ನನ್ನ ಫೋನಿನಲ್ಲಿ ಉಳಿಸಿಕೊಂಡೆ. ಮಧ್ಯಾಹ್ನ ಕರೆದೊಯ್ಯಲು ಬಂದ ಅಜ್ಜಿಗೆ ತೋರಿಸಹೋದರೆ, "ನಂಗ ಕಣ್ಣ ಕಾಣಂಗಿಲ್ಲ ಬಿಡ್ರಿ. ಏನರ ಒದರಿರಬೇಕು" ಎಂದು ಮಗುವಿನ ರಟ್ಟೆ ಹಿಡಿದು ನಡೆದೇಬಿಟ್ಟಳು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಕಡೆ ಯಾರೂ ಹೊಲದ ಕೂಲಿಗೆ ಹೋಗುವುದಿಲ್ಲ. ಹಾಗಾಗಿ ಮಗಳನ್ನು ಕರೆದುಕೊಂಡು ತಾಯಿಯೇ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು:

"ಅತ್ತಿ ಇಕಿನ್ನ ಸಾಲಿ ಬಿಡಸ್ತೀನಿ ಅನ್ನಾಕತ್ಯಾಳ್ರಿ. ನೀವರ ಹೇಳ್ರಿ ಟೀಚರ, ಖರೇನ ನನ್ನ ಮಗಳು ಮೂಕಿ ಏನ್ರಿ?"

"ನಿನ್ನ ಮೈದುನ ನಿನ್ನೆ ಏನೂ ತೋರಿಸಲಿಲ್ಲೇನವ್ವಾ?"

"ನಂಗ್ಯಾರ ಏನ ತೋರಸ್ತಾರ್ರಿ?"

ವಿಡಿಯೋ ಹಚ್ಚಿ ಅವಳ ಕೈಗೆ ಕೊಟ್ಟೆ. ಫೋನೆಂದರೆ ಕಿವಿಗೆ ಹಿಡಿಯುವುದು ಎಂದಷ್ಟೇ ಗೊತ್ತಿದ್ದವಳು, ನೋಡದೆ ಕಿವಿಗೆ ಒತ್ತಿಕೊಂಡಳು. ನಾನೂ ತಿದ್ದಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಇಕಿ ದನಿ ಹಿಂಗದ ಏನ್ರಿ?" ಎಂದಳು.

ಅಷ್ಟರಲ್ಲಿ ಅವಳ ಕಿವಿಯಲ್ಲೇ ಫೋನು ಬಡಿದುಕೊಂಡಿತು. ಬೆಚ್ಚಿಬಿದ್ದು ನನಗೆ ಕೊಟ್ಟಳು. ಮೇಡಂದೇ ಫೋನು. ತುಂಡಿನ ವಿಡಿಯೋ ಇನ್ನೂ ಹೋಗಿರಲಿಲ್ಲ. ಕಟ್ ಮಾಡಿದೆ. ಈ ವಿಡಿಯೋ ಅಳಿಸಬೇಕೆಂದು ಮೇಲಿನಿಂದ ಹೇಳಿದ್ದಾರೆ ಎಂದು ಅವಳಿಗೂ ತಿಳಿಸಿದೆ. ಕಣ್ಣು ಕಾಣದೆಂದು ಅತ್ತೆ ನೋಡದೇ ಹೋದದ್ದನ್ನೂ ಹೇಳಿದೆ.

ಅವಳು ಮಗಳನ್ನು ನನ್ನ ಮುಂದೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

"ಅಳಸಬ್ಯಾಡ್ರಿ ಟೀಚರ. ಅತ್ತಿನ್ನ ಕರಕೊಂಡ ಬರ್ತೀನಿ. ಕಣ್ಣ ಕಾಣದಿದ್ರ ಇಲ್ಲ, ಕಿವಿ ಅದಾವ ಆಕಿಗಿ."