ಹುಳು ಹಣ್ಣಾಗುವ ದಿನದ ಪಂದ್ಯ

ಸಂಘಮಿತ್ರ ಕೋಪ ಬಂದರೆ ಕೂಗಾಡುವವಳಲ್ಲ. ಕೂಗಾಡುವವರ ಕೋಪ ಸಂಜೆಯೊಳಗೆ ಇಳಿದುಹೋಗುತ್ತದೆ. ಇವಳದು ಬೂದಿ ಮುಚ್ಚಿದ ಕೆಂಡ, ಹನ್ನೊಂದು ತಿಂಗಳು ಆರದೆ ಹಾಗೇ ಇತ್ತು.

ಊರು ಮೇಲೂರು. ಕೆಲಸ ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಆಟದ ಮೇಡಂ. ಅದೂ ಕಾಯಂ ಅಲ್ಲ, ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಓದುವ ಕಾಲದಲ್ಲಿ ಕಬಡ್ಡಿ ಆಡಿದವಳು. ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಮುಗಿಸಿ, ಮೊಟ್ಟೆಯಂಥ ಚೆಂಡೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಹುಡುಗಿಯರಿಗೆ ರಗ್ಬಿ ಕಲಿಸುತ್ತೇನೆ ಎಂದಾಗ ಪ್ರಾಂಶುಪಾಲರು ಅದು ತಿನ್ನುವುದೋ ಹಚ್ಚಿಕೊಳ್ಳುವುದೋ ಎಂಬಂತೆ ನೋಡಿದ್ದರು. ಮೈದಾನದ ಕಲ್ಲುಗಳನ್ನು ಅವಳೂ ಹುಡುಗಿಯರೂ ಸೇರಿ ಒಂದು ತಿಂಗಳು ಆರಿಸಿದರು.

ತಂಡದ ಹತ್ತು ಹುಡುಗಿಯರಲ್ಲಿ ಏಳು ಜನ ಮೇಲೂರಿನವರು. ಹಿಪ್ಪುನೇರಳೆ ಕಡ್ಡಿ ಕೊಯ್ದು, ಹೊರೆ ಹೊತ್ತು ಗಟ್ಟಿಯಾದ ತೋಳುಗಳು. ಎಲ್ಲರೂ ಕಬಡ್ಡಿಯಲ್ಲಿ ಪಳಗಿದವರು, ಓಡುವವಳ ಕಾಲಿನ ಹರಡಿಗೆ ಕೈ ಹಾಕಿದರೆಂದರೆ ಬಿಡಿಸಿಕೊಳ್ಳುವುದು ಆಗದ ಮಾತು. ಆದರೆ ಅದೇ ಕಬಡ್ಡಿ ಒಮ್ಮೊಮ್ಮೆ ಕೈ ಕೊಡುತ್ತಿತ್ತು. ರಗ್ಬಿಯಲ್ಲಿ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ ಐದು ಅಂಕ. ಈ ಸಲದ ಮೊದಲ ಪಂದ್ಯದಲ್ಲಿ, ಗೌರಿಬಿದನೂರಿನ ವಿರುದ್ಧ, ಒಬ್ಬಳು ಗೆರೆ ದಾಟಿದವಳೇ ಚೆಂಡು ಒತ್ತುವುದನ್ನು ಬಿಟ್ಟು, ಉಸಿರು ಬಿಗಿಹಿಡಿದು ತಿರುಗಿ ತನ್ನ ಅಂಗಳಕ್ಕೆ ಓಡಿಬಂದಿದ್ದಳು! ಗೌರಿಬಿದನೂರಿನವರು ನಕ್ಕು ನಕ್ಕು ಅವಳನ್ನು ಹಿಡಿಯುವುದನ್ನೇ ಮರೆತರು. ಆದರೂ ಶಿಡ್ಲಘಟ್ಟ ಹದಿನೈದು–ಹತ್ತರಲ್ಲಿ ಗೆದ್ದಿತು. ಎರಡನೆಯದರಲ್ಲಿ ಚಿಕ್ಕಬಳ್ಳಾಪುರದ ಎದುರು ಐದು ಅಂಕದಲ್ಲಿ ಸೋತಿತು. ನಾಲ್ಕು ಊರುಗಳಲ್ಲಿ ಮೊದಲೆರಡು ತಂಡಕ್ಕೆ ಮಾತ್ರ ವಿಶ್ವವಿದ್ಯಾಲಯದ ಪಂದ್ಯಾವಳಿ. ಮೂರನೆಯದು ಚಿಂತಾಮಣಿಯ ಮೇಲೆ. ಗೆದ್ದರೆ ದಾರಿ ಅರ್ಧ ಸಲೀಸು ಎಂದು ಕಾಲೇಜಿನಲ್ಲಿ ಮಾತಾಡಿಕೊಂಡರು. ಸಂಘಮಿತ್ರಳಿಗೆ ಆ ಲೆಕ್ಕ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದವನು ಚಿಂತಾಮಣಿ ತಂಡದ ಮೇಷ್ಟ್ರು ಮುರಳಿಮೋಹನ್.

ಹೋದ ವರ್ಷದ ಕಥೆ ಹೀಗೆ. ಪಂದ್ಯ ನಡೆಯುವ ಊರಿನ ಮೇಷ್ಟ್ರೇ ದಿನ ಗೊತ್ತುಮಾಡುವುದು ಈ ನಾಲ್ಕು ಕಾಲೇಜಿನವರ ರೂಢಿ. ಚಿಂತಾಮಣಿಯಲ್ಲಿ ನಡೆಯಬೇಕಿದ್ದ ಪಂದ್ಯಕ್ಕೆ ಮುರಳಿಮೋಹನ್ ಇಟ್ಟ ದಿನ ಮೇಲೂರಿನಲ್ಲಿ ಹುಳು ಹಣ್ಣಾಗುವ ದಿನವಾಗಿತ್ತು. ರೇಷ್ಮೆ ಮನೆಯವರಿಗೆ ಆ ದಿನವೆಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಹುಳು ಮೇವು ಬಿಟ್ಟು ತಲೆ ಎತ್ತಿದ ಮೇಲೆ ಒಂದೊಂದನ್ನೂ ಕೈಯಲ್ಲಿ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ನೆಲದ ಪಾಲು. ಅಂದು ಮದುವೆಗೆ ಕರೆದರೂ ಯಾರೂ ಹೋಗುವುದಿಲ್ಲ, ಇನ್ನು ಆಟಕ್ಕೆ ಕಳಿಸುತ್ತಾರೆಯೇ? ಎರಡು ದಿನ ಮುಂದಕ್ಕೆ ಹಾಕಿ ಎಂದು ಸಂಘಮಿತ್ರ ಚಿಂತಾಮಣಿಯವರೆಗೆ ಬಸ್ಸಿನಲ್ಲಿ ಹೋಗಿ ಕೇಳಿದಳು.

"ಪಟ್ಟಿ ಹಾಕಿದ್ಮೇಲೆ ಮುಗೀತಮ್ಮ," ಎಂದಿದ್ದ ಅವನು. "ಹುಳ ಮೇಯ್ಸೋರಿಗೆ ಬಾಲ್ ಯಾಕೆ?"

ಅವನೇನು ಅರಿಯದವನಲ್ಲ. ಅವನ ಮನೆಯಲ್ಲೇ ಆಳುಗಳು ನೋಡಿಕೊಳ್ಳುವ ಎರಡು ಹುಳುಮನೆಗಳಿದ್ದವು. ಮೇಲೂರಿನ ದಿನ ವಿಚಾರಿಸಿಕೊಂಡೇ ಪಂದ್ಯ ಇಟ್ಟೆ ಎಂದು ಅವನು ಊಟದ ಹೊತ್ತಿನಲ್ಲಿ ಜಂಬ ಕೊಚ್ಚಿಕೊಂಡದ್ದು ಆಮೇಲೆ ಬಾಯಿಂದ ಬಾಯಿಗೆ ಇವಳ ಕಿವಿಗೂ ಬಿತ್ತು. ಏಳು ಜನ ಆಡುವ ಆಟಕ್ಕೆ ಅಂದು ಶಿಡ್ಲಘಟ್ಟದಿಂದ ಹೋದವರು ಐದೇ ಜನ. ಐವರಿದ್ದರೆ ಆಟ ನಡೆಯಲೇಬೇಕು ಎಂಬುದು ನಿಯಮ. ನಲವತ್ತೈದು–ಸೊನ್ನೆ. ಮನೆಯಲ್ಲಿ ಹೇಳದೆ ಕದ್ದು ಬಂದಿದ್ದ ನಾಯಕಿ ತನುಜ ಇಬ್ಬರ ನಡುವೆ ಸಿಕ್ಕಿ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡಳು. ಅವಳಪ್ಪ ಅವಳನ್ನು ಮತ್ತೆ ಮೈದಾನಕ್ಕೆ ಬಿಡಲಿಲ್ಲ. ಪ್ರಾಂಶುಪಾಲರು ಉಳಿದ ಪಂದ್ಯಗಳಿಂದ ತಂಡವನ್ನೇ ಹಿಂದಕ್ಕೆ ಕರೆಸಿಕೊಂಡರು.

ಒಂದೊಂದು ತಂಡದ ಜೊತೆಗೂ ಎರಡು ಸುತ್ತು. ಈ ವರ್ಷ ಚಿಂತಾಮಣಿಯ ಜೊತೆ ಮೊದಲ ಸುತ್ತಿನ ಪಂದ್ಯ ಶಿಡ್ಲಘಟ್ಟದಲ್ಲಿ, ಎರಡನೆಯದು ಚಿಂತಾಮಣಿಯಲ್ಲಿ. ದಿನ ಇಡುವ ಕೈ ಸಂಘಮಿತ್ರಳದು.

ಅವಳ ತಾಯಿ ಆಂಜಿನಮ್ಮ ಹೆಂಗಸರ ಸಂಘ ಕಟ್ಟಿಕೊಂಡು ಚಾಕಿ ಕೇಂದ್ರ ನಡೆಸುತ್ತಾಳೆ. ಮೊಟ್ಟೆಯೊಡೆದ ಹುಳುವನ್ನು ಎಂಟು ದಿನ ಸಾಕಿ, ಎರಡು ಜ್ವರ ಎದ್ದ ಮೇಲೆ, ಅಂದರೆ ಎರಡು ಸಲ ಪೊರೆ ಬಿಟ್ಟ ಮೇಲೆ, ರೈತರಿಗೆ ಕೊಡುವ ಕೆಲಸ. ಯಾವ ಊರಿಗೆ ಯಾವತ್ತು ಹುಳು ಹೋಗಬೇಕು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುತ್ತಾಳೆ. ಅಲ್ಲಿಂದ ಹದಿನೇಳನೇ ದಿನಕ್ಕೆ ಹುಳು ಹಣ್ಣು. ಚಿಂತಾಮಣಿ ತಂಡದ ನಾಯಕಿ ರೂಪ ಮತ್ತು ಇನ್ನೂ ನಾಲ್ವರದು ಒಂದೇ ಹಳ್ಳಿ. ಆ ಹಳ್ಳಿಯ ಹೆಸರು ಸೆಪ್ಟೆಂಬರ್ ನಾಲ್ಕರ ಚೌಕದಲ್ಲಿತ್ತು. ಸಂಘಮಿತ್ರ ಬೆರಳಿನಲ್ಲಿ ಎಣಿಸಿದಳು. ಮಾರನೆಯ ದಿನವೇ ಇಪ್ಪತ್ತೊಂದಕ್ಕೆ ಪಂದ್ಯ ಎಂದು ಕಾಗದ ಕಳಿಸಿದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮುರಳಿಮೋಹನ್ ಫೋನ್ ಮಾಡಿ, ಹುಡುಗೀರಿಗೆ ತೊಂದರೆ, ಎರಡು ದಿನ ಬಿಟ್ಟು ಇಡಮ್ಮ ಎಂದ. ಈ ಮಾತಿಗಾಗಿ ಹನ್ನೊಂದು ತಿಂಗಳು ಕಾದಿದ್ದವಳು ತಡಮಾಡಲಿಲ್ಲ.

"ಪಟ್ಟಿ ಹಾಕಿದ್ಮೇಲೆ ಮುಗೀತು ಸರ್," ಎಂದು ಫೋನ್ ಇಟ್ಟಳು.

ಇಪ್ಪತ್ತೊಂದರ ಬೆಳಿಗ್ಗೆ ತನುಜಳ ಅಪ್ಪನನ್ನು ಕಾಡಿ ಬೇಡಿ, ಅವಳನ್ನು ಮೈದಾನದ ಮೆಟ್ಟಿಲ ಮೇಲೆ ತಂದು ಕೂರಿಸಿದ್ದಳು. ಸೇಡು ಅವಳ ಹೆಸರಿನದು, ಅವಳೇ ಕಣ್ಣಾರೆ ನೋಡಬೇಕು. ಮುರಳಿಮೋಹನ್ ತನ್ನ ಕಾರಿನಲ್ಲಿ ಬಂದ. ಹುಡುಗಿಯರು ಬಸ್ಸಿನಲ್ಲಿ ಬಂದರು, ಎಣಿಸಿದರೆ ಐದೇ ತಲೆ. ಸಂಘಮಿತ್ರಳ ಎದೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡಳು.

ಆಟದಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಐವರ ನಡುವೆ ಏಳು ಜನ ನುಗ್ಗಿದರು. ರೂಪ ಒಬ್ಬಳೇ ಮೂರು ಜನರಷ್ಟು ಓಡಿದಳು. ಬಿದ್ದಳು, ಎದ್ದಳು, ಸಿಕ್ಕ ಕಾಲಿಗೆ ಕೈ ಹಾಕಿದಳು. ಅಂಕ ನಲವತ್ತೈದಾಯಿತು. ಹೋದ ವರ್ಷದ್ದು ಸರಿಹೋಯಿತು, ಇನ್ನು ಎರಡು ನಿಮಿಷ ಚೆಂಡು ಹಿಡಿದು ನಿಂತರೂ ಆಗುತ್ತಿತ್ತು. ಹುಡುಗಿಯರು ಅವಳ ಮುಖ ನೋಡಿದರು.

"ಇನ್ನೊಂದು," ಎಂದಳು ಸಂಘಮಿತ್ರ.

ಐವತ್ತು–ಸೊನ್ನೆ. ಕೊನೆಯ ಸಲ ಗೆರೆಯ ಹತ್ತಿರ ರೂಪಳ ಮೇಲೆ ಮೂವರು ಬಿದ್ದಿದ್ದರು. ಅವಳು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಸಂಘಮಿತ್ರ ಮೆಟ್ಟಿಲ ಕಡೆ ತಿರುಗಿದರೆ ತನುಜ ಅಲ್ಲಿರಲಿಲ್ಲ. ನೀರಿನ ಬಾಟಲಿ ಹಿಡಿದು ಮೈದಾನದೊಳಗೆ ಓಡಿಹೋಗಿ, ರೂಪಳ ಹೆಗಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಸಂಘಮಿತ್ರಳ ಕಡೆ ಅವಳು ತಿರುಗಿ ನೋಡಲಿಲ್ಲ.

ಮುರಳಿಮೋಹನನ ಮುಖ ಸಪ್ಪಗಾಗಿರುತ್ತದೆ, ಅದನ್ನು ನೋಡಿ ತಣಿಯಬೇಕು ಎಂದು ಅವಳು ಅವನ ಕಡೆ ನಡೆದಳು. ಅವನು ಹೊಂಗೆ ಮರದ ನೆರಳಿನಲ್ಲಿ ಕಾರಿನ ಬಾಗಿಲು ತೆಗೆದು ಹೊರಡುವುದರಲ್ಲಿದ್ದ. ಅವನಿಗೆ ಒಂದು ಗೀರೂ ಆಗಿರಲಿಲ್ಲ.

"ಪರ್ವಾಗಿಲ್ಲ, ಬೇಗ ಕಲ್ತೆ ಕಣಮ್ಮ," ಎಂದು ನಕ್ಕು ಕಾರು ಹತ್ತಿದ.

ಆ ನಗು ಅವಳಿಗೆ ಹೋದ ವರ್ಷದ ಮಾತಿಗಿಂತ ಹೆಚ್ಚು ಉರಿಯಿತು. ಹನ್ನೊಂದು ತಿಂಗಳು ಮಸೆದ ಕತ್ತಿ ಅವನನ್ನು ಮುಟ್ಟಿರಲೇ ಇಲ್ಲ.

ರೂಪ ಕುಂಟುತ್ತ ಬಂದು ಆಟದ ಪದ್ಧತಿಯಂತೆ ಕೈ ಚಾಚಿದಳು. ಬೆರಳುಗಳಲ್ಲಿ ಸೊಪ್ಪಿನ ಹಸಿರು ಕಲೆ ಇನ್ನೂ ಹಾಗೇ ಇತ್ತು. ಬೆಳಗಿನ ಜಾವದಿಂದ ಹುಳು ಆಯ್ದು, ಅಮ್ಮ ಬೈಯುತ್ತಿದ್ದಂತೆಯೇ ಬಸ್ಸು ಹತ್ತಿದೆ ಎಂದಳು. ದೂರುವ ದನಿ ಅಲ್ಲ.

"ನಮ್ಮೂರಿಗೆ ಹುಳ ಕೊಟ್ಟಿದ್ದು ನಿಮ್ಮಮ್ಮನೇ ಅಲ್ವಾ ಅಕ್ಕ?"

ಸಂಘಮಿತ್ರ ಹೌದು ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮುಂದಿನ ತಿಂಗಳು ಹತ್ತರಿಂದ ಹದಿನೈದರೊಳಗೆ ನೀವು ನಮ್ ಕಾಲೇಜಿಗೆ ಬರ್ಬೇಕಲ್ಲ," ಎಂದಳು ರೂಪ. "ಮೇಲೂರಲ್ಲಿ ಹುಳ ಹಣ್ಣಾಗೋ ದಿನ ನಾನೇ ವಿಚಾರಿಸಿ ಸರ್‌ಗೆ ಹೇಳ್ತೀನಿ."

ಕೈ ಬಿಡಿಸಿಕೊಂಡು ಅವಳು ಬಸ್ಸಿನ ಕಡೆ ಹೊರಟಳು. ಆ ಕಣ್ಣು ಸಂಘಮಿತ್ರಳಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ತಿಂಗಳು ಕನ್ನಡಿಯಲ್ಲಿ ನೋಡಿದ ಕಣ್ಣೇ ಅದು.

ಸಂಜೆ ಮನೆಗೆ ಬಂದವಳು ಚೀಲ ಕೂಡ ಇಳಿಸದೆ ಕ್ಯಾಲೆಂಡರಿನ ಮುಂದೆ ನಿಂತಳು. ಸೆಪ್ಟೆಂಬರ್ ಇಪ್ಪತ್ತೇಳರ ಚೌಕದಲ್ಲಿ ಅಮ್ಮನ ಸೊಟ್ಟ ಅಕ್ಷರದಲ್ಲಿ ಮೇಲೂರು ಎಂದಿತ್ತು. ಬೆರಳಿನಲ್ಲಿ ಎಣಿಸಿದಳು. ಅಕ್ಟೋಬರ್ ಹದಿನಾಲ್ಕು. ಇನ್ನೊಮ್ಮೆ ಎಣಿಸಿದರೂ ಹದಿನಾಲ್ಕೇ. ಮೇಲೂರಿಗೆ ಹುಳು ಕೊಡುವುದನ್ನು ಐದು ದಿನ ತಡಮಾಡಲು ಆಗುತ್ತದೆಯೇ ಎಂದು ಅಮ್ಮನನ್ನು ಕೇಳಿದಳು.

ಆಂಜಿನಮ್ಮ ತಟ್ಟೆಗಳಲ್ಲಿ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಿದ್ದಳು. ಮೇಲೂರಿಗೆ ಹೋಗಬೇಕಾದ ಹುಳುಗಳು ಆಗಲೇ ಮೊಟ್ಟೆಯೊಡೆದು ಎರಡು ದಿನವಾಗಿತ್ತು. ಮಗಳ ಮುಖವನ್ನು ಒಮ್ಮೆ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದಳು.

"ನಿನ್ ಜಿದ್ದು ಹುಳಕ್ಕೇನ್ ಗೊತ್ತಾಗುತ್ತೇ?" ಎಂದಳು. "ಅದು ತನ್ನ ದಿನಕ್ಕೆ ಹಣ್ಣಾಗುತ್ತೆ."